ಪಕ್ಕೆಗೆ ಕಟ್ಟಿದ ಉಸಿರು

"ಗುರುಗಳೇ, ಆಸೆಯನ್ನು ಬಿಡು ಎನ್ನುತ್ತೀರಿ. ತಿಳಿಯಬೇಕೆಂಬುದೂ ಒಂದು ಆಸೆಯೇ ಅಲ್ಲವೆ? ಅದನ್ನೂ ಬಿಡಬೇಕೆ?" ಎಂದು ಶಿಷ್ಯನಾದ ನಿರಂಜನ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಸುಗಂಧಿ ಎಂಬ ಮುಳುಗುಗಾರ್ತಿ ಇದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಪ್ರವಾಸಿಗರನ್ನು ನೀರಿನೊಳಗೆ ಕರೆದೊಯ್ಯುವುದು, ಮೀನು ಹವಳ ತೋರಿಸುವುದು ಅವಳ ಕೆಲಸ. ಆ ಊರಿನೆದುರು ಒಂದು ನಡುಗಡ್ಡೆ. ಅದರ ನೆತ್ತಿಯ ಬಂಡೆಯಲ್ಲಿ ಒಂದು ಸೀಳು. ಅಲ್ಲಿ ಕಿವಿಯಿಟ್ಟರೆ ಒಳಗೆ ಯಾರೋ ಮಲಗಿ ಉಸಿರಾಡುತ್ತಿರುವಂಥ ಸದ್ದು. ಸುಗಂಧಿಯೂ ಅವಳ ತಂಗಿಯೂ ಚಿಕ್ಕಂದಿನಿಂದ ಅದನ್ನು ಕೇಳುತ್ತ ಬೆಳೆದವರು.

ಒಮ್ಮೆ ಅದೇ ಬಂಡೆಯ ಬುಡದಲ್ಲಿ, ನೀರಿನಡಿ, ಸುಗಂಧಿಗೆ ಒಂದು ಗುಹೆಯ ಬಾಯಿ ಕಂಡಿತು. ಮೇಲೆ ಕೇಳುವ ಉಸಿರು ಇಲ್ಲಿಂದಲೇ ಹೋಗುತ್ತಿರಬಹುದೆ? ಅವಳು ಒಳಗೆ ನುಸುಳಲು ನೋಡಿದಳು. ಬೆನ್ನಿನ ಸಿಲಿಂಡರ್ ಮೇಲಿನ ಕಲ್ಲಿಗೆ ತಾಗಿತು. ಗುಹೆ ಅಷ್ಟು ತಗ್ಗು.

ಸಿಲಿಂಡರನ್ನು ಬೆನ್ನಿಗೆ ಹೊರದೆ, ಎಡಕ್ಕೊಂದು ಬಲಕ್ಕೊಂದು ಪಕ್ಕೆಗೆ ಸಿಕ್ಕಿಸಿಕೊಂಡು ಮುಳುಗುವ ವಿದ್ಯೆಯೊಂದಿದೆ. ಹಾಗೆ ಹೋದವರು ತಗ್ಗಿನಲ್ಲೂ ಹಾಯಬಲ್ಲರು. ಪಕ್ಕದ ಬಂದರಿನಲ್ಲಿ ಪಾವ್ಲು ಮಾಸ್ತರ್ ಎಂಬ ಹಿರಿಯರು ಅದನ್ನು ಕಲಿಸುತ್ತಿದ್ದರು. ಸುಗಂಧಿ ಅವರ ಬಳಿ ಹೋದಳು.

ಮೊದಲ ದಿನ ಅವಳು ನೀರಿನಲ್ಲಿ ಮಗುವಾದಳು. ಎಡಗಡೆಯ ಗಾಳಿಯನ್ನಷ್ಟೇ ಎಳೆದುಕೊಂಡಳು. ಎಡಗಡೆ ಹಗುರಾಗಿ ಮೈ ಓರೆಯಾಯಿತು. ಸರಿಮಾಡಿಕೊಳ್ಳಲು ಕಾಲು ಬಡಿದಳು. ತಳದ ಕೆಸರು ಎದ್ದಿತು. ಕೈಗಳು ಅಭ್ಯಾಸದಂತೆ ಬೆನ್ನನ್ನೇ ತಡಕುತ್ತಿದ್ದವು.

ಮೇಲೆ ಬಂದು, "ನಾನು ನೀರಿನಲ್ಲೇ ಬದುಕಿದವಳು, ಮಾಸ್ತರೇ. ನನಗೇಕೆ ಹೀಗೆ?" ಎಂದಳು.

"ಬೆನ್ನಿನ ಮೇಲಿದ್ದದ್ದನ್ನು ನೀನು ಮರೆತು ಈಜುತ್ತಿದ್ದೆ. ಇದನ್ನು ಮರೆಯುವಂತಿಲ್ಲ" ಎಂದರು ಮಾಸ್ತರ್.

ಅವಳು ಕಲಿತಳು. ಸ್ವಲ್ಪ ಹೊತ್ತು ಎಡದ್ದು, ಸ್ವಲ್ಪ ಹೊತ್ತು ಬಲದ್ದು, ಎರಡೂ ಸಮನಾಗಿ ಖರ್ಚಾಗುವಂತೆ ಉಸಿರಾಡಲು ಕಲಿತಳು. ಕಣ್ಣು ಮುಚ್ಚಿ ಯಾವ ಕಡೆಯ ವಾಲ್ವನ್ನಾದರೂ ಮುಚ್ಚಲು, ತೆರೆಯಲು ಕಲಿತಳು. ಮಾಸ್ತರ್ ಒಂದು ಕಟ್ಟಳೆ ಹಾಕಿದರು: ಗಾಳಿಯಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯದು ಎಣಿಸದೆ ಬಂದದ್ದಕ್ಕೆ. ಯಾವುದಾದರೂ ಕೆಟ್ಟರೆ ಅಲ್ಲಿಂದಲೇ ಹಿಂದಕ್ಕೆ.

ಕಡಲು ಶಾಂತವಾಗಿದ್ದ ಒಂದು ದಿನ ಇಬ್ಬರೂ ಗುಹೆಗೆ ಹೋದರು. ಒಳಗೆ ಒಬ್ಬರಿಗಷ್ಟೇ ಜಾಗ. ಮಾಸ್ತರ್ ಹಗ್ಗದ ತುದಿ ಹಿಡಿದು ಗುಹೆಯ ಬಾಯಲ್ಲಿ ನಿಂತರು. ಸುಗಂಧಿ ಹಗ್ಗದ ಸುರುಳಿ ಬಿಚ್ಚುತ್ತ ಒಳಗೆ ಹೋದಳು. ಕಲ್ಲು ಎಲ್ಲಿಯೂ ತಾಗಲಿಲ್ಲ. ಮುಂದೆ ಒಂದು ತಿರುವು. ತಿರುವಿನಾಚೆಯಿಂದ ನೀಲಿ ಬೆಳಕು ಬರುತ್ತಿತ್ತು.

ಆಗ ಬಾಯಿಗೆ ಗಾಳಿ ಕೊಡುವ ಎಡಗಡೆಯ ರೆಗ್ಯುಲೇಟರ್ ಕೆಟ್ಟು ಗಾಳಿ ಭುಸುಗುಟ್ಟಿ ಹೊರಬಿತ್ತು. ಅವಳು ವಾಲ್ವ್ ಮುಚ್ಚಿ ಬಲದ್ದನ್ನು ಬಾಯಿಗಿಟ್ಟುಕೊಂಡಳು. ಬೆಳಕು ಕೈಗೆಟುಕುವಷ್ಟು ಹತ್ತಿರವಿತ್ತು. ತಲೆ ಚಾಚಿ ನೋಡಿದರೆ ಏನಾದೀತು? ಅವಳು ಅಲ್ಲೇ ನಿಂತಳು. ಅಷ್ಟು ಹತ್ತಿರ ಹೋಗಿ ಯಾರಿಗೆ ಮರಳಲು ಮನಸ್ಸಾಗುತ್ತದೆ? ಆದರೂ ಅವಳು ಮರಳಿದಳು.

ಮರಳುವಾಗ ಗುಹೆಯ ಕೆಸರು ಕದಡಿ ತನ್ನ ಕೈ ತನಗೇ ಕಾಣದಾಯಿತು. ಹಗ್ಗವನ್ನು ಬೆರಳಲ್ಲಿ ಹಿಡಿದು ಇಂಚಿಂಚಾಗಿ ಸರಿದಳು. ಹೋದದ್ದಕ್ಕಿಂತ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಲಗಡೆಯ ಗಾಳಿ ಮುಗಿಯುತ್ತ ಬಂದು ಎಳೆಯಲು ಬಿಗಿಯಾಗತೊಡಗಿತು. ಎಡಗಡೆ ಇನ್ನೂ ಗಾಳಿ ಉಳಿದಿತ್ತು; ಅವಳು ಆ ಕೆಟ್ಟ ಕಡೆಯದನ್ನೇ ಮತ್ತೆ ಬಾಯಿಗಿಟ್ಟುಕೊಂಡಳು. ಉಸಿರೆಳೆಯುವಾಗ ಎಡಗಡೆಯ ವಾಲ್ವ್ ತೆರೆದಳು, ಎಳೆದಾದ ಮೇಲೆ ಮುಚ್ಚಿದಳು. ಹಾಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಅವಳ ಕೈ ಮಾಸ್ತರ ಕೈಗೆ ಸಿಕ್ಕಿತು.

ಅವಳು ದೋಣಿ ಹತ್ತಿದಳು. ಮಾಸ್ತರ್ ಟವಲು ಹೊದಿಸಿ, "ಏನು ಕಂಡೆ?" ಎಂದರು.

"ತಿರುವಿನ ತನಕ ಕಂಡೆ."

"ಸಾಕಲ್ಲವೆ?"

"ಸಾಲದು, ಮಾಸ್ತರೇ" ಎಂದು ಅವಳು ಅತ್ತಳು. ಮಾಸ್ತರ್ ನಕ್ಕರು. ರೆಗ್ಯುಲೇಟರನ್ನು ಬಿಚ್ಚಿ ದುರಸ್ತಿಗೆ ಕೂತರು.

ಇನ್ನೊಂದು ಶಾಂತ ದಿನ, ತಂಗಿಯನ್ನು ಮೇಲೆ ಸೀಳಿನ ಬಳಿ ಕೂರಿಸಿ, ಅವಳು ಮಾಸ್ತರೊಡನೆ ಮತ್ತೆ ಹೋದಳು. ಈ ಸಲ ಎರಡೂ ಕಡೆ ಸರಿಯಿತ್ತು. ತಿರುವು ದಾಟಿದಳು. ತಲೆಯ ಮೇಲಿನ ಕಲ್ಲು ಸರಿದು ಜಾಗವಾಯಿತು. ಮೇಲೇಳುತ್ತಲೇ ಮುಖ ನೀರಿನಿಂದ ಹೊರಬಂತು. ಅದೊಂದು ಕಲ್ಲಿನ ಕೋಣೆ. ನೆತ್ತಿಯ ಸೀಳಿನಿಂದ ಬಿಸಿಲು ಇಳಿಯುತ್ತಿತ್ತು. ನೀರು ಏರಿದಾಗ ಗಾಳಿ ಸೀಳಿನಿಂದ ಹೊರಗೆ, ಇಳಿದಾಗ ಒಳಗೆ. ಇಷ್ಟು ವರ್ಷ ಕೇಳಿದ ಉಸಿರು ಅದೇ. ಅವಳು ರೆಗ್ಯುಲೇಟರ್ ತೆಗೆದು ತಂಗಿಯ ಹೆಸರು ಹಿಡಿದು ಕೂಗಿದಳು. ಮೇಲೆ ಬಂಡೆಗೆ ಕಿವಿಯಿಟ್ಟು ಕಾಯುತ್ತಿದ್ದ ತಂಗಿ ಬೆಚ್ಚಿ, "ಅಕ್ಕಾ, ನೀನೇನೇ?" ಎಂದು ಸೀಳಿಗೆ ಬಾಯಿಟ್ಟು ಕೂಗಿದಳು. ಇಬ್ಬರೂ ನಕ್ಕರು.

ಮರಳಲು ಮುಳುಗಿದಾಗ, ಕೋಣೆಯ ಮೂಲೆಯಲ್ಲಿ ಇನ್ನೊಂದು ಬಾಯಿ ಕಂಡಿತು. ಮೊದಲಿನದಕ್ಕಿಂತ ಕಿರಿದು. ಅದರೊಳಗಿನಿಂದ ತಣ್ಣನೆಯ ನೀರು ಬರುತ್ತಿತ್ತು. ಸುಗಂಧಿ ಅದರೊಳಗೆ ಕೈಯಿಟ್ಟು ನೋಡಿದಳು. ಎಷ್ಟು ಗಾಳಿ ಉಳಿದಿದೆಯೆಂದು ತೋರಿಸುವ ಮುಳ್ಳನ್ನು ನೋಡಿದಳು. ಹೋಗುವ ಪಾಲು ಮುಗಿದಿತ್ತು. ಕೈ ತೆಗೆದು ಹಗ್ಗ ಹಿಡಿದು ಹೊರಬಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿರಂಜನ ತಡೆಯಲಾರದೆ, "ಆ ಇನ್ನೊಂದು ಬಾಯಿ ಎಲ್ಲಿಗೆ ಹೋಗುತ್ತದೆ, ಗುರುಗಳೇ?" ಎಂದ.

"ಅದನ್ನು ತಿಳಿಯಲೆಂದೇ ಅವಳು ಈಗ ಎರಡೂ ಸಿಲಿಂಡರಿಗೆ ಗಾಳಿ ತುಂಬಿಸುತ್ತಿದ್ದಾಳೆ" ಎಂದರು ಗುರುಗಳು.