ಕೂಸು ಅಳಲಾರದ ಗಾಡಿ

ಹುಬ್ಬಳ್ಳಿಯ ಸಾಹೇಬರಿಗೆ ತಮ್ಮ ಕೂಸಿನ ಗಾಡಿ ದಬ್ಬುತ್ತ ಓಡುವ ಹುಚ್ಚು. ಯಾವ ಗಾಡಿಯಲ್ಲಿ ಕೂರಿಸಿದರೂ ಕೂಸು ಅಳುತ್ತಿತ್ತು. ಹೊಸ ಗಾಡಿ ಕೊಳ್ಳಲು ಹೋದ ಅಂಗಡಿಯಲ್ಲಿ ತಮ್ಮ ಕಾರಿನ ಡ್ರೈವರನಿಗೆ ಅಂದರು, “ಕೂಸು ಅಳಲಾರದ ಗಾಡಿ ನೀನ ಆರಿಸು. ಆರಿಸಿದ್ರ ಊರಿಗೆ ಹೋಗಾಕ ಸೂಟಿ. ಇಲ್ಲಾಂದ್ರ ಇಲ್ಲ.”

ಊರಲ್ಲಿ ಡ್ರೈವರನ ಮಗಳು ನಡೆಯಲು ಕಲಿತಿದ್ದಳು. ಅವನು ಫೋನಿನಲ್ಲಿ ಅವಳ ಗೆಜ್ಜೆಯ ಸದ್ದಷ್ಟೇ ಕೇಳಿದ್ದ.

ಕೈಗೆ ಸಿಕ್ಕ ಗಾಡಿಯಲ್ಲಿ ಕೂಸನ್ನು ಕೂರಿಸಿದ. ಅದು ಚೀರಿತು. ಅವನು ಸಾಹೇಬರಿಗೆ ಅಂದ, “ನಾ ದಬ್ಬತೀನ್ರಿ. ನೀವು ಮುಂದ ಬಂದು, ಕೂಸಿನ ಕಡೆ ಮುಖಾ ಮಾಡಿ ಹಿಂದಕ್ಕ ಓಡ್ರಿ.”

ಸಾಹೇಬರು ಗೊಣಗುತ್ತಲೇ ಓಡಿದರು. ಅಪ್ಪನ ಮುಖ ಕಂಡದ್ದೇ ಕೂಸು ಕೇಕೆ ಹಾಕಿ ನಕ್ಕಿತು.

“ಇದ ಗಾಡಿ, ಕಟ್ರಿ!” ಎಂದು ಸಾಹೇಬರು ಏದುಸಿರು ಬಿಡುತ್ತ ಅಂಗಡಿಯವನಿಗೆ ಹೇಳಿ, ಡ್ರೈವರನ ಕಡೆ ತಿರುಗಿದರು. “ಆದ್ರ ದಿನಾ ದಬ್ಬಾಕ ನೀ ಬೇಕಲ್ಲೋ. ಸೂಟಿ ಹೆಂಗ ಕೊಡ್ಲಿ?”

“ದಬ್ಬಾಕ ಮನ್ಯಾಗ ಮೇಡಮ್ಮೋರು ಅದಾರ್ರಿ. ನನ್ನ ಮಗಳ ಮುಂದ ನಿಂದ್ರಾಕ ಬ್ಯಾರೆ ಅಪ್ಪ ಇಲ್ರಿ.”