ಆರನೆಯ ಪಾಠ

ಹೊನ್ನೆ ಮರದ ಪೊಟರೆಯಲ್ಲಿ ಒಂದು ಗಿಳಿಮರಿಯಿತ್ತು. ಅದಕ್ಕೆ ಏನನ್ನು ಯಾವಾಗ ಕಲಿಸಬೇಕೆಂದು ಮೇಲಿನ ಕೊಂಬೆಯಲ್ಲಿ ಅದರ ಗುರು ಮುದಿಗಿಳಿಗೂ ನೆರೆಯ ಕಾಗೆಗೂ ವಾದ ನಡೆದಿತ್ತು.

“ಕಲಿಕೆಗೆ ಕ್ರಮ ಬೇಕು,” ಎಂದಿತು ಗಿಳಿ. “ಮೊದಲು ಹಣ್ಣು, ಆಮೇಲೆ ಕಾಳು. ಹಾವು ಆರನೆಯ ಪಾಠ, ಹಾರುವುದು ಒಂಬತ್ತನೆಯದು.”

“ಮರಿ ತಾನೇ ಹುಡುಕಿ ಕಲಿಯಬೇಕು. ನಾವು ಬಾಯಿ ಹಾಕಬಾರದು,” ಎಂದಿತು ಕಾಗೆ.

ಮರಿ ಪೊಟರೆಯಿಂದ ಕೆಳಗೆ ಬಗ್ಗಿ ನೋಡಿತು. “ಗುರುಗಳೇ, ಉದ್ದನೆಯದೇನೋ ಮರ ಹತ್ತಿ ಬರುತ್ತಿದೆ. ಕಾಲೇ ಇಲ್ಲ. ಏನದು?”

“ಅದು ಆರನೆಯ ಪಾಠದಲ್ಲಿ ಬರುತ್ತದೆ. ನಾವಿನ್ನೂ ಎರಡರಲ್ಲಿದ್ದೇವೆ,” ಎಂದಿತು ಗಿಳಿ, ತಿರುಗಿಯೂ ನೋಡದೆ.

“ಒಳ್ಳೆಯ ಪ್ರಶ್ನೆ,” ಎಂದಿತು ಕಾಗೆ. “ಉತ್ತರ ಹೇಳಿ ಕೆಡಿಸುವುದಿಲ್ಲ. ನೀನೇ ಕಂಡುಕೋ.”

“ಅದರ ನಾಲಿಗೆ ನನ್ನ ಕಾಲಿಗೆ ತಾಗುತ್ತಿದೆ.”

ಇಬ್ಬರೂ ವಾದ ನಿಲ್ಲಿಸಲಿಲ್ಲ. ಮರಿ ಕಣ್ಣು ಮುಚ್ಚಿ ಹೊರಕ್ಕೆ ಜಿಗಿಯಿತು. ಇನ್ನೇನು ನೆಲಕ್ಕೆ ಬೀಳಬೇಕು ಎನ್ನುವಾಗ ಹೇಗೋ ರೆಕ್ಕೆ ಬಡಿದು ಎದುರಿನ ಮರ ಸೇರಿತು.

“ನೋಡಿದೆಯಾ, ತಾನೇ ಕಲಿಯಿತು,” ಎಂದಿತು ಕಾಗೆ.

“ಹಾರುವುದು ಒಂಬತ್ತನೆಯದು,” ಎಂದು ಗಿಳಿ ಗದರಿತು. “ಒಳಗೆ ಬಾ, ಕಾಳಿನ ಪಾಠ ಬಾಕಿಯಿದೆ.”

ಮರಿ ಕೊಂಬೆ ಬಿಟ್ಟು ಕದಲಲಿಲ್ಲ. “ಒಳಗೆ ಆರನೆಯ ಪಾಠ ಸುರುಳಿ ಸುತ್ತಿಕೊಂಡು ಕೂತಿದೆ. ಮೊದಲು ನೀವಿಬ್ಬರೂ ಹೋಗಿ ಅದನ್ನು ಮುಗಿಸಿ ಬನ್ನಿ.”