ಎಣ್ಣೆ ಏರುವ ತನಕ

"ಬುದ್ಧೀ, ಓದಬೇಕಾದುದನ್ನೆಲ್ಲ ಓದಿದ್ದೇನೆ. ಸಭೆಗಳಲ್ಲಿ ವಾದಿಸಿ ಗೆದ್ದಿದ್ದೇನೆ. ನನ್ನನ್ನು ಹೊಸ ಮಠಕ್ಕೆ ಕಳುಹಿಸುವ ದಿನವೂ ಗೊತ್ತಾಗಿತ್ತು. ಅದನ್ನು ಮುಂದೂಡಿ, ದಾಸೋಹದಲ್ಲಿ ಬಡಿಸಲು ಹಚ್ಚಿದ್ದೀರಿ. ನನ್ನಲ್ಲಿ ಯಾವ ಕೊರತೆ ಕಂಡಿರಿ?"

ಗುರುಸಿದ್ಧನ ಮಾತಿನಲ್ಲಿ ನೋವಿಗಿಂತ ಬಿಗುವೇ ಹೆಚ್ಚಿತ್ತು. ಹಿರಿಯ ಸ್ವಾಮಿಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಲ್ಲಿ ತಂದೆಯ ಕಾಲದ ಕಾರೊಂದಿತ್ತು. ಅದರ ಎಂಜಿನ್ನು ಕೆಟ್ಟು ನಿಂತಾಗ ಒಬ್ಬ ಮೆಕ್ಯಾನಿಕ್ಕಿಗೆ ಒಪ್ಪಿಸಿದ. ಆತ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಿದ. ಮದುವೆಯಾದ ಮಗಳನ್ನು ಅದೇ ಕಾರಿನಲ್ಲಿ ಗಂಡನ ಮನೆಗೆ ಕಳುಹಿಸಬೇಕೆಂಬುದು ವರ್ತಕನ ಆಸೆ. ಅದಕ್ಕಾಗಿ ಎಂಜಿನ್ನು ಚಾಲೂ ಮಾಡಲು ಮುಹೂರ್ತ ಇಡಿಸಿದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿ, ಕಾಯಿ ಒಡೆಸಿ, ಕೀಲಿ ಹಿಡಿದು ಕಾರಿನಲ್ಲಿ ಕುಳಿತ.

ಮೆಕ್ಯಾನಿಕ್ ಬಾನೆಟ್ಟು ಎತ್ತಿದ. "ಸ್ವಲ್ಪ ತಾಳಿ, ಯಜಮಾನರೇ."

"ಏನು ತಾಳುವುದು? ರಾಹುಕಾಲ ಬಾಗಿಲಿಗೆ ಬಂದು ನಿಂತಿದೆ. ಎಣ್ಣೆ ತುಂಬಿದ್ದೇನೆ ಎಂದು ನೀನೇ ಹೇಳಲಿಲ್ಲವೇ?"

"ತುಂಬಿದ್ದೇನೆ. ಅದು ತಳದಲ್ಲಿದೆ. ಒಂದಕ್ಕೊಂದು ಉಜ್ಜುವ ಭಾಗಗಳಿಗೆ ಇನ್ನೂ ಮುಟ್ಟಿಲ್ಲ. ಎಣ್ಣೆ ಗಿಂಡಿಯಲ್ಲಿದ್ದರೆ ಅಭ್ಯಂಜನವಾಯಿತೇ?"

"ಎಂಜಿನ್ನು ಓಡಿದರೆ ತಾನಾಗಿ ಏರುತ್ತದೆ."

"ಏರುತ್ತದೆ. ಅಷ್ಟರಲ್ಲಿ ಲೋಹವನ್ನು ಲೋಹ ತಿಂದಿರುತ್ತದೆ." ಮೆಕ್ಯಾನಿಕ್ ಅದೇ ಎಂಜಿನ್ನಿನಿಂದ ತೆಗೆದ ಹಳೆಯ ಬೇರಿಂಗಿನ ತುಂಡೊಂದನ್ನು ವರ್ತಕನ ಅಂಗೈಯಲ್ಲಿಟ್ಟ. ಅದರ ಮೈತುಂಬ ಗೀರುಗಳಿದ್ದವು. "ಹಿಂದೆ ಬೇರೆಯವರ ಕೈಯಲ್ಲಿ ಎಂಜಿನ್ನು ಬಿಚ್ಚಿ ಜೋಡಿಸಿದಾಗಲೂ ಗಳಿಗೆ ನೋಡಿಯೇ ಕೀಲಿ ತಿರುಗಿಸಿದಿರಂತೆ. ಇದು ಆ ಶುಭ ಮುಹೂರ್ತದ ಗುರುತು."

ವರ್ತಕ ಗೀರುಗಳ ಮೇಲೆ ಉಗುರಾಡಿಸಿ ನೋಡಿದ. ಕೀಲಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

ಮೆಕ್ಯಾನಿಕ್ ಎಣ್ಣೆಯ ಪಂಪಿಗೆ ಹೊರಗಿನಿಂದ ಒಂದು ಸರಳು ಕೂಡಿಸಿ ಪಂಪನ್ನಷ್ಟೇ ತಿರುಗಿಸತೊಡಗಿದ. ಎಂಜಿನ್ನು ನಿಂತೇ ಇತ್ತು. "ಬೆಣ್ಣೆ ಬಂದಾಗ ಹೇಳಪ್ಪ, ರೊಟ್ಟಿ ತರುತ್ತೇವೆ" ಎಂದು ನೆರೆದವರು ನಕ್ಕರು. ಆತ ಕೈ ನಿಲ್ಲಿಸಲಿಲ್ಲ. ರಾಹುಕಾಲ ಬಂದಿತು. ಪುರೋಹಿತರು ತಟ್ಟೆ ಎತ್ತಿಕೊಂಡು ಹೊರಟುಹೋದರು. ವರ್ತಕ ಏಳಲಿಲ್ಲ.

ಕೊನೆಗೆ ಎಣ್ಣೆಯ ಒತ್ತಡ ತೋರುವ ಮುಳ್ಳು ಮೇಲೆದ್ದಿತು. ಎಂಜಿನ್ನಿನ ನೆತ್ತಿಯ ಭಾಗಗಳಲ್ಲಿಯೂ ಎಣ್ಣೆ ಜಿನುಗಿ ಹೊಳೆಯಿತು. ಮೆಕ್ಯಾನಿಕ್ ಸರಳು ತೆಗೆದು, ಬಿಚ್ಚಿದ್ದನ್ನು ಕೂಡಿಸಿ, "ಈಗ ತಿರುಗಿಸಿ" ಎಂದ. ವರ್ತಕ ರಾಹುಕಾಲದಲ್ಲಿಯೇ ಕೀಲಿ ತಿರುಗಿಸಿದ. ಎಂಜಿನ್ನು ಒಂದು ಒರಟು ಸದ್ದೂ ಇಲ್ಲದೆ ಓಡಿತು. ಮಗಳು ಆ ಕಾರಿನಲ್ಲಿಯೇ ಗಂಡನ ಮನೆಗೆ ಹೋದಳು. ಚೊಚ್ಚಲ ಬಾಣಂತನಕ್ಕೆ ಅದರಲ್ಲಿಯೇ ತವರಿಗೆ ಬಂದಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಸಿದ್ಧ ನಸುನಕ್ಕ. ಕತೆಯ ತಿರುಳು ಅವನಿಗೆ ಆಗಲೇ ಸಿಕ್ಕಿತ್ತು. ಅದಕ್ಕೆ ಉತ್ತರವೂ ಸಿದ್ಧವಾಗಿತ್ತು.

"ತಿಳಿಯಿತು, ಬುದ್ಧೀ. ಆದರೆ ನನ್ನಲ್ಲಿ ಎಣ್ಣೆ ತಳದಲ್ಲಿ ನಿಂತಿಲ್ಲ. ದಯೆಯ ಮೇಲಿನ ಯಾವ ವಚನ ಬೇಕಾದರೂ ಕೇಳಿ, ನಾಲಗೆಯ ತುದಿಯಲ್ಲಿದೆ."

ಸ್ವಾಮಿಗಳು ಕೇಳಿದರು: "ನಿನ್ನೆ ಪಂಕ್ತಿಯಲ್ಲಿ ಇನ್ನೊಂದು ತುತ್ತು ಅನ್ನ ಕೇಳಿದ ಮುದುಕನಿಗೆ ಆ ನಾಲಗೆ ಏನೆಂದಿತು?"